ಹತ್ತು ನಿಮಿಷ ಸುಮ್ಮನೆ ಕೂರುವ ಕಷ್ಟ

ಬದಿಯಡ್ಕ ಪೇಟೆಯಲ್ಲಿ ನೀವು ಏನು ಮಾಡುತ್ತಾ ಕೂತರೂ ಯಾರೂ ಕೇಳುವುದಿಲ್ಲ. ಬೀಡಿ ಸೇದುತ್ತಾ ಕೂತುಕೊಳ್ಳಿ, ರಾಜಕೀಯ ಮಾತಾಡುತ್ತಾ ಕೂತುಕೊಳ್ಳಿ, ಫೋನಿಗೆ ಮೂಗು ತಾಗಿಸಿಕೊಂಡು ಸಂಜೆಯ ತನಕ ಕೂತುಕೊಳ್ಳಿ. ಆದರೆ ಕಣ್ಣು ಮುಚ್ಚಿ ಸುಮ್ಮನೆ ಕೂತಿರೋ, ಏನಾದರೊಂದು ಆಗಿಯೇ ಆಗುತ್ತದೆ. ನನ್ನ ಮಟ್ಟಿಗಂತೂ ಇದು ಒಮ್ಮೆಯೂ ತಪ್ಪಿಲ್ಲ.

ನನ್ನದು ಮೊಬೈಲ್ ರಿಪೇರಿ ಅಂಗಡಿ. ಊರಿನವರ ನೆಮ್ಮದಿ ಕೆಡಿಸುವ ಯಂತ್ರ ಕೆಟ್ಟರೆ ಅದನ್ನು ಸರಿಮಾಡಿ ಕೊಡುವುದು ನನ್ನ ಉದ್ಯೋಗ. ಕಳೆದ ವರ್ಷ ತಲೆ ತಿರುಗಿತೆಂದು ಕಾಸರಗೋಡಿನ ಡಾಕ್ಟರೊಬ್ಬರ ಹತ್ತಿರ ಹೋದೆ. ಅವರು ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಿರುವಾಗಲೇ ನನ್ನ ಎರಡು ಕಿಸೆಯಲ್ಲಿದ್ದ ಎರಡು ಫೋನೂ ಒಟ್ಟಿಗೆ ಬಡಿದುಕೊಂಡವು. ಡಾಕ್ಟರರು ಅವು ನಿಲ್ಲುವವರೆಗೆ ಕಾದು ಚೀಟಿ ಬರೆದರು.

"ಈ ಮಾತ್ರೆ ದಿನಕ್ಕೆ ಒಂದು. ಅದರ ಜೊತೆಗೆ ದಿನಕ್ಕೆ ಹತ್ತು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಕೂತುಕೊಳ್ಳಬೇಕು. ಉಸಿರು ಗಮನಿಸಿ. ಬೇರೆ ಎಂತದೂ ಬೇಡ."

"ಎರಡೂ ಮಾಡ್ತೇನೆ ಡಾಕ್ಟ್ರೇ," ಎಂದೆ.

"ಮಾತ್ರೆ ನೀವು ತಗೊಳ್ತೀರಿ, ನನಗೆ ಗೊತ್ತುಂಟು. ಕೂತುಕೊಳ್ಳುವುದೇ ಸಂಶಯ," ಎಂದರು.

ಅರ್ಧ ಇಳಿದ ಶಟರು

ಮೊದಲ ದಿನ ಮಧ್ಯಾಹ್ನ ಊಟದ ಮೇಲೆ ಅಂಗಡಿಯಲ್ಲೇ ಕೂರುವುದೆಂದು ತೀರ್ಮಾನಿಸಿದೆ. ಪೂರ್ತಿ ಬಾಗಿಲು ಹಾಕಿದರೆ ಗಿರಾಕಿಗಳು ತಿರುಗಿ ಹೋಗುತ್ತಾರೆ. ಆದ್ದರಿಂದ ಶಟರು ಅರ್ಧ ಇಳಿಸಿ, ಒಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿದೆ.

ನಮ್ಮ ಕಡೆ ಅಂಗಡಿಯ ಶಟರು ಅರ್ಧ ಇಳಿದಿದ್ದರೆ ಯಾರೋ ತೀರಿಹೋಗಿದ್ದಾರೆ ಎಂದರ್ಥ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೆ.

ಸ್ವಲ್ಪ ಹೊತ್ತಿಗೆ ಯಾರೋ ಬಗ್ಗಿ ಒಳಗೆ ನೋಡಿದ ಹಾಗಾಯಿತು. ಅರೆಗಣ್ಣಲ್ಲಿ ನೋಡಿದೆ, ಪಕ್ಕದ ಬೇಕರಿಯವನು. ಏನಾದರೂ ಕೇಳುತ್ತಾನೆಂದುಕೊಂಡರೆ ಒಂದು ಮಾತೂ ಆಡದೆ ಮೆಲ್ಲಗೆ ಹಿಂದೆ ಸರಿದ. ಮರುಕ್ಷಣ ಕರಕರ ಎಂದು ಅವನ ಶಟರು ಇಳಿಯುವ ಸದ್ದು. ಆಮೇಲೆ ಅದರಾಚೆಯ ಜವಳಿ ಅಂಗಡಿಯದ್ದು. ಆಮೇಲೆ ಎದುರಿನ ಚಪ್ಪಲಿ ಅಂಗಡಿಯದ್ದು. ರಸ್ತೆಯ ಗದ್ದಲವೇ ಇಳಿದುಹೋಯಿತು. ಧ್ಯಾನ ಮಾಡಿದರೆ ಹೊರಗಿನ ಸದ್ದು ತಾನಾಗಿ ಅಡಗುತ್ತದೆ ಎಂದು ಕೇಳಿದ್ದೆ. ಮೊದಲ ದಿನವೇ ಅಡಗಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಎದ್ದು ಹೊರಗೆ ಬಂದು ನೋಡುತ್ತೇನೆ, ಸಾಲಿನ ಅಂಗಡಿಗಳೆಲ್ಲ ಅರ್ಧ ಮುಚ್ಚಿವೆ. ವ್ಯಾಪಾರಿಗಳು ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದಾರೆ. ಬೇಕರಿಯವನ ಹತ್ತಿರ ಓಡಿಹೋಗಿ, "ಯಾರು ಹೋದದ್ದು ಮಾರಾಯ?" ಎಂದು ಕೇಳಿದೆ.

ಅವನು ನನ್ನ ಭುಜದ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ, "ಅದನ್ನು ನೀನೇ ಹೇಳಬೇಕು," ಎಂದ.

ರಾಜಿ ಮಾಡಲು ಬಂದವರು

ಅಂಗಡಿ ಬೇಡವೆಂದು ಸಂಜೆ ಮನೆಯ ಜಗಲಿಯಲ್ಲಿ ಕೂರಲು ಸುರುಮಾಡಿದೆ. ದಾರಿಯಲ್ಲಿ ಹೋಗುವವರು ಮಾತಾಡಿಸಬಾರದೆಂದು ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ. ಹೆಂಡತಿಗೆ ಇದರಿಂದ ಏನೂ ತೊಂದರೆಯಿರಲಿಲ್ಲ. ತೊಂದರೆಯಾದದ್ದು ನನ್ನ ತಾಯಿಗೆ. ನಾವು ಕೊಂಕಣಿ ಮಾತಾಡುವ ಕ್ರಿಸ್ತುವರು. ನಮ್ಮ ಮಾಂಯ್‌ಗೆ ಪ್ರಾರ್ಥನೆಯೆಂದರೆ ಗಟ್ಟಿ ಸ್ವರದಲ್ಲಿ ಹೇಳುವ ಜಪಸರ.

"ನೀನು ಹೀಗೆ ಬಾಯಿ ಮುಚ್ಚಿ ಕೂತರೆ ನಿನಗೆ ಎಂತ ಬೇಕು ಅಂತ ದೇವರಿಗೆ ಹೇಗೆ ಗೊತ್ತಾಗುವುದು?" ಎಂದು ಒಂದೆರಡು ಸಲ ಕೇಳಿದರು. ನಾನು ಉಸಿರು ಗಮನಿಸುತ್ತಿದ್ದುದರಿಂದ ಉತ್ತರ ಕೊಡಲಿಲ್ಲ. ಅವರು ಚರ್ಚಿಗೆ ಹೋದಾಗ ನಮ್ಮ ವಾಡೆಯ ಗುರ್ಕಾರರಿಗೆ, ಎಂದರೆ ಕೇರಿಯ ಮನೆಮನೆಯ ಕಷ್ಟಸುಖ ವಿಚಾರಿಸುವ ಹಿರಿಯರಿಗೆ, ವಿಷಯ ಮುಟ್ಟಿಸಿದರು: ಮಗ ಗೋಡೆಗೆ ಮುಖ ಮಾಡಿ ಕೂರುತ್ತಾನೆ, ಸೊಸೆಯ ಹತ್ತಿರ ಮಾತಿಲ್ಲ.

ಗುರ್ಕಾರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ಸಂಸಾರ ಅಂದ ಮೇಲೆ ಇದ್ದದ್ದೇ," ಎಂದು ತೊಡಗಿದರು.

"ನಮಗೆ ಜಗಳ ಇಲ್ಲ," ಎಂದಳು ಹೆಂಡತಿ.

"ಎಲ್ಲರೂ ಮೊದಲು ಹಾಗೇ ಹೇಳುವುದಮ್ಮ. ಒಳಗೆ ಇಟ್ಟುಕೊಳ್ಳಬಾರದು. ಮನಸ್ಸಿಗೆ ಬೇಜಾರಾದದ್ದು ಯಾವುದಾದರೂ ಒಂದು ಇದ್ದೇ ಇರುತ್ತದೆ. ಹೇಳು."

"ಅಂತದ್ದು ಎಂತದೂ ಇಲ್ಲ," ಎಂದು ಅವಳು ಸ್ವಲ್ಪ ಯೋಚಿಸಿದಳು. "ಆದರೆ ನೀವು ಇಷ್ಟು ಕೇಳಿದಿರಿ ಅಂತ ಹೇಳ್ತೇನೆ. ನನ್ನ ತಂಗಿಯ ಮದುವೆಯ ಮುನ್ನಾದಿನ ರೋಸಿನಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚಲಿಕ್ಕೆ ಎಲ್ಲರೂ ಕರೀತಾ ಇದ್ದಾರೆ, ಇವರು ಹಿತ್ತಲಲ್ಲಿ ನಿಂತು ಯಾರದ್ದೋ ಚಾರ್ಜರಿನ ವಿಷಯ ಮಾತಾಡ್ತಾ ಇದ್ದರು."

ಅದಕ್ಕೆ ನಾನು ಉತ್ತರ ಕೊಡಲೇಬೇಕಾಯಿತು. ನನ್ನ ಉತ್ತರಕ್ಕೆ ಅವಳು ಇನ್ನೊಂದು ಮದುವೆ ನೆನಪಿಸಿದಳು. ನಾನು ಅವಳ ಅಣ್ಣನ ಹೆಸರೆತ್ತಿದೆ. ಗುರ್ಕಾರರು ಚಹಾ ಕುಡಿದು ಮುಗಿಸಿ, ಇನ್ನು ನೀವು ನೀವೇ ಮಾತಾಡಿಕೊಳ್ಳಿ ಎಂದು ಮೆಲ್ಲಗೆ ಮೆಟ್ಟಲಿಳಿದರು.

ಮುಂದಿನ ಆದಿತ್ಯವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಅವರು ನಾಲ್ಕು ಜನರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು: "ಪಾಪ, ಆ ಮನೆಯಲ್ಲಿ ಮಾತೇ ಇರಲಿಲ್ಲ. ನಾನು ಒಂದು ಸಲ ಹೋಗಿ ಬಂದದ್ದಷ್ಟೆ, ಈಗ ಗೇಟಿನ ತನಕ ಕೇಳ್ತದೆ."

ಭಟ್ರ ನೆಮ್ಮದಿ

ಕುಂಬ್ಡಾಜೆ ಕಡೆಯ ದೇವಸ್ಥಾನವೊಂದರ ಅರ್ಚಕರು ನನ್ನ ಹಳೇ ಗಿರಾಕಿ. ದಿನಾ ಬೆಳಿಗ್ಗೆ ಪೂಜೆಯಾದ ಮೇಲೆ ಅರ್ಧ ಗಂಟೆ ಧ್ಯಾನಕ್ಕೆ ಕೂರುವುದು ಅವರ ರೂಢಿ. ಅವರ ಅಳಿಯ ಪ್ರೀತಿಯಿಂದ ಅವರ ಫೋನಿಗೆ ಧ್ಯಾನದ ಒಂದು ಆ್ಯಪ್ ಹಾಕಿಕೊಟ್ಟಿದ್ದ.

"ಪೊರ್ಬುಗಳೇ, ಇದನ್ನು ತೆಗೆದುಹಾಕಿ," ಎಂದು ಭಟ್ರು ಫೋನು ಮುಂದಿಟ್ಟರು. ನಮ್ಮ ಕಡೆ ಕೊಂಕಣಿ ಕ್ರಿಸ್ತುವರನ್ನು ಕರೆಯುವುದೇ ಪೊರ್ಬುಗಳು ಎಂದು. "ನಾನು ಕಣ್ಣು ಮುಚ್ಚಿ ಕೂತು ಮನಸ್ಸು ಒಂದು ಕಡೆ ನಿಲ್ಲುವ ಹೊತ್ತಿಗೆ ಟಿಣ್ ಅಂತ ಬಡೀತದೆ. ನೋಡಿದರೆ, 'ಈಗ ನೀವು ಶಾಂತವಾಗಿದ್ದೀರಾ?' ಅಂತ ಬರೆದುಂಟು. ಇದ್ದೆ ಮಾರಾಯ್ರೆ, ಅದು ಕೇಳುವವರೆಗೆ!"

ತೆಗೆದುಕೊಟ್ಟೆ. ಸಂತೋಷದಿಂದ ಹೋದರು.

ಒಂದು ವಾರ ಕಳೆಯಲಿಲ್ಲ, ಮತ್ತೆ ಬಂದರು. ಅಂಗಡಿಯಲ್ಲಿ ಬೇರೆ ಗಿರಾಕಿಗಳು ಹೋಗುವವರೆಗೆ ಫೋನಿನ ಕವರುಗಳನ್ನು ನೋಡುತ್ತಾ ನಿಂತರು. ಆಮೇಲೆ ಹತ್ತಿರ ಬಂದು, "ಆವತ್ತು ತೆಗೆದದ್ದನ್ನು ವಾಪಸು ಹಾಕಲಿಕ್ಕೆ ಆಗ್ತದಾ?" ಎಂದರು.

"ಆಗ್ತದೆ. ಯಾಕೆ ಭಟ್ರೇ, ಅದಿಲ್ಲದೆ ಮನಸ್ಸು ನಿಲ್ಲುವುದಿಲ್ಲವಾ?"

"ಮನಸ್ಸು ನಿಲ್ತದೆ. ಅದರಲ್ಲಿ ಯಾರು ಎಷ್ಟು ಹೊತ್ತು ಧ್ಯಾನ ಮಾಡಿದರು ಅಂತ ಒಂದು ಪಟ್ಟಿ ಬರ್ತಿತ್ತು. ನಾನು ಬಹಳ ಮೇಲಿದ್ದೆ. ನನ್ನ ಕೆಳಗೆ ಪಾಲಕ್ಕಾಡಿನವ ಒಬ್ಬ ಇದ್ದ." ಭಟ್ರು ಆಚೀಚೆ ನೋಡಿದರು. "ಈ ಒಂದು ವಾರದಲ್ಲಿ ಅವ ಮೇಲೆ ಹೋಗಿರ್ತಾನೆ. ನೆಮ್ಮದಿಯಲ್ಲಿ ಅವ ನನಗಿಂತ ಮುಂದೆ ಅಂತ ನೆನೆಸಿದರೆ ನನಗೆ ನಿದ್ರೆ ಬರುವುದಿಲ್ಲ ಪೊರ್ಬುಗಳೇ!"

ರೆಡಿಯಾದರೂ ರೆಡಿಯಾಗದ ಫೋನು

ವ್ಯಾನಿನಲ್ಲಿ ಮೀನು ತಂದು ಮಾರುವ ಕಾಕ ಒಬ್ಬರ ಫೋನು ಐಸಿನ ನೀರಿಗೆ ಬಿದ್ದು ನನ್ನಲ್ಲಿಗೆ ಬಂತು. ಎರಡು ದಿನದಲ್ಲಿ ಸರಿಮಾಡಿದೆ. ಅವರು ಬಂದಾಗ, "ಕಾಕ, ರೆಡಿ ಉಂಟು," ಎಂದು ಕೈಗೆ ಕೊಡಲು ಹೋದರೆ ಅವರು ಕೈಯನ್ನೇ ಹಿಂದೆ ತೆಗೆದರು.

"ಅಷ್ಟು ಬೇಗ ಆಯ್ತಾ?" ಎಂದರು ಸಪ್ಪೆ ಮುಖ ಮಾಡಿ. ಬೆಂಚಿನಲ್ಲಿ ಕೂತರು. "ನಿನ್ನೆ ಸಂಜೆ ನಮಾಜಿಗೆ ನಿಂತೆ. ಮನಸ್ಸಿನಲ್ಲಿ ನಮಾಜು ಮಾತ್ರ ಇತ್ತು. ಬೂತಾಯಿ ಮೀನಿನ ರೇಟು ಇರಲಿಲ್ಲ. ಎಷ್ಟು ವರ್ಷವಾಯಿತೋ ಹಾಗೆ ನಿಲ್ಲದೆ! ಯಾರಾದರೂ ಕೇಳಿದರೆ ಪಾರ್ಟ್ಸ್ ಸಿಕ್ಕಲಿಲ್ಲ ಅಂತ ಹೇಳು. ಇನ್ನೊಂದು ನಾಲ್ಕು ದಿನ ಇಲ್ಲೇ ಇರಲಿ."

ನನಗೂ ಆ ಮಾತು ಹಿಡಿಸಿತು. ಫೋನನ್ನು ಕಪಾಟಿನಲ್ಲಿಟ್ಟೆ.

ಮರುದಿನ ಅವರ ಹೆಂಡತಿ ಏದುಸಿರು ಬಿಡುತ್ತಾ ಬಂದರು. "ಅವರ ಫೋನು ಎಂತಾಯ್ತು?"

"ಪಾರ್ಟ್ಸ್ ಸಿಕ್ಕಲಿಲ್ಲ," ಎಂದೆ.

"ಎಲ್ಲಿಂದಾದರೂ ತರಿಸಿ. ಫೋನು ಹೋದಂದಿನಿಂದ ಮನೆಗೆ ಬಂದವರು ನೇರ ಅಡುಗೆಕೋಣೆಗೆ ಬಂದು ಕೂತುಕೊಳ್ತಾರೆ. ಸಾರಿಗೆ ಹುಳಿ ಹೆಚ್ಚಾಯ್ತು ಅಂತಾರೆ. ಉಪ್ಪಿನ ಡಬ್ಬ ಅಲ್ಲಿ ಯಾಕೆ ಅಂತಾರೆ. ಈರುಳ್ಳಿ ಹಾಗಲ್ಲ ಹೆಚ್ಚುವುದು ಅಂತಾರೆ."

"ಇನ್ನು ನಾಲ್ಕು ದಿನ ಆಗಬಹುದು."

ಅವರು ಕೈಮುಗಿಯುವುದೊಂದು ಬಾಕಿ. "ಹಾಗಾದರೆ ಕೆಟ್ಟದ್ದನ್ನೇ ಕೊಡಿ. ಕೈಯಲ್ಲಿ ಹಿಡ್ಕೊಂಡಿರಲಿ!"

ಶಬ್ದ ಬಂತು, ಶಬ್ದ ಹೋಯಿತು

ಇಷ್ಟೆಲ್ಲ ಆದ ಮೇಲೆ, ಒಬ್ಬನೇ ಕೂತರಲ್ಲವೇ ತೊಂದರೆ, ಹತ್ತು ಜನರ ಜೊತೆ ಕೂತರೆ ಯಾರೂ ಏನೂ ಹೇಳಲಾರರು ಎನಿಸಿತು. ಅದೇ ಹೊತ್ತಿಗೆ ನಮ್ಮೂರಿನ ನಿವೃತ್ತ ಮಾಷ್ಟ್ರೊಬ್ಬರು ಎಲ್ಲೋ ಮೌನ ಶಿಬಿರಕ್ಕೆ ಹೋಗಿ ಕಲಿತು ಬಂದು, ಆದಿತ್ಯವಾರ ಮಧ್ಯಾಹ್ನ ವಾಚನಾಲಯದ ಹಾಲಿನಲ್ಲಿ ಎಲ್ಲರಿಗೂ ಹೇಳಿಕೊಡುವುದೆಂದು ನಿಶ್ಚಯಿಸಿದರು. ಹೋದವರೆಲ್ಲ ಗಂಡಸರೇ. ಎಲ್ಲರೂ ಮನೆಯಲ್ಲಿ ಕೋಳಿಯೋ ಪಾಯಸವೋ ಹೊಟ್ಟೆತುಂಬ ಉಂಡು ಬಂದವರು.

ಮಾಷ್ಟ್ರು ಮೊದಲು ಎಲ್ಲರ ಫೋನನ್ನೂ ಒಂದು ತಗಡಿನ ಡಬ್ಬಕ್ಕೆ ಹಾಕಿಸಿದರು. ತಮ್ಮದನ್ನೂ ಹಾಕಿದರು. "ಇದರ ಸದ್ದು ಕೇಳಬಾರದು," ಎಂದು ನನಗೆ ಕೊಟ್ಟರು. ನಾನು ಡಬ್ಬವನ್ನು ಜಮಖಾನದಲ್ಲಿ ಸುತ್ತಿ, ಪುಸ್ತಕದ ಕಪಾಟಿನ ಒಳಗಿಟ್ಟು ಬಾಗಿಲು ಹಾಕಿದೆ. ಸಮಯವಾದಾಗ ಗಂಟೆ ಬಾರಿಸಬೇಕಾದದ್ದು ಮಾಷ್ಟ್ರ ಫೋನೇ ಎಂದು ಅವರಿಗೂ ನೆನಪಾಗಲಿಲ್ಲ, ನನಗೆ ಗೊತ್ತೂ ಇರಲಿಲ್ಲ.

"ಈಗ ಎಲ್ಲರೂ ಅಂಗಾತ ಮಲಗಿ," ಎಂದರು ಮಾಷ್ಟ್ರು. "ಕಣ್ಣು ಮುಚ್ಚಿ. ಅಂಗೈ ಮೇಲೆ. ಗಂಟೆ ಬಾರಿಸುವವರೆಗೆ ಏನೇ ಆದರೂ ಕಣ್ಣು ಬಿಡಬಾರದು. ಯಾವುದಾದರೂ ಶಬ್ದ ಕೇಳಿದರೆ, ಶಬ್ದ ಬಂತು, ಶಬ್ದ ಹೋಯಿತು ಅಂತ ಮನಸ್ಸಿನಲ್ಲೇ ಹೇಳಿಕೊಳ್ಳಿ. ಅದು ತಾನಾಗಿ ಹೋಗ್ತದೆ." ಹೀಗೆ ಹೇಳಿ ಅವರೂ ಮಲಗಿದರು. ನೊಣದ ಕಾಟಕ್ಕೆ ಬಿಳಿ ಶಾಲನ್ನು ಮುಖದ ಮೇಲೆ ಎಳೆದುಕೊಂಡರು. ಫ್ಯಾನು ತಿರುಗುತ್ತಿತ್ತು. ಐದು ನಿಮಿಷದಲ್ಲಿ ಅರ್ಧದಷ್ಟು ಜನ ಗಾಢ ಮೌನಕ್ಕೆ ಇಳಿದರು. ಒಂದಿಬ್ಬರದ್ದು ಕೇಳಿಸುತ್ತಲೂ ಇತ್ತು.

ಆ ಹೊತ್ತಿನಲ್ಲೇ ಆಚೆ ತಿರುವಿನಲ್ಲಿ ಅಡಿಕೆ ಗೋಣಿ ಹೇರಿದ ಜೀಪೊಂದು ಚರಂಡಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸುದ್ದಿ ಮನೆಯಿಂದ ಮನೆಗೆ ಹೋಗುವಾಗ ಗೋಣಿಯೆಲ್ಲ ಮನುಷ್ಯರಾದವು. ಮಾಷ್ಟ್ರ ಹೆಂಡತಿ ಟೀಚರಮ್ಮ ಗಂಡನಿಗೆ ಫೋನು ಮಾಡಿದರು. ತೆಗೆಯಲಿಲ್ಲ. ನನಗೆ ಮಾಡಿದರು, ತೆಗೆಯಲಿಲ್ಲ. ನನ್ನ ಹೆಂಡತಿ ಮಾಡಿದಳು. ಶಿಬಿರಕ್ಕೆ ಹೋದ ಒಬ್ಬನೂ ಫೋನು ತೆಗೆಯುವುದಿಲ್ಲ ಎಂದಾಗ ಹೆಂಗಸರು ಸಿಕ್ಕಿದ ರಿಕ್ಷಾಗಳಲ್ಲಿ ತುಂಬಿಕೊಂಡು ವಾಚನಾಲಯಕ್ಕೆ ಬಂದರು.

ಕಿಟಕಿಯಲ್ಲಿ ಅವರಿಗೆ ಕಂಡದ್ದು ಇಷ್ಟು: ಹಾಲಿನ ಉದ್ದಕ್ಕೆ ಸಾಲಾಗಿ ಮಲಗಿಸಿದ ಗಂಡಸರು. ತುದಿಯಲ್ಲಿ ಒಬ್ಬರಿಗೆ ಮುಖ ಮುಚ್ಚುವಂತೆ ಬಿಳಿ ಬಟ್ಟೆ.

ನಾನು ನಿದ್ರೆ ಮಾಡಿರಲಿಲ್ಲ. ಹೊರಗೆ ಅಳುವ ಸದ್ದು ಕೇಳಿತು. ಶಬ್ದ ಬಂತು, ಎಂದುಕೊಂಡೆ. ಅದರಲ್ಲಿ ಒಂದು ನನ್ನ ಹೆಂಡತಿಯದ್ದೇ ಅನಿಸಿತು. ಮಾಷ್ಟ್ರು ಹೇಳಿದಂತೆ, ಹೆಂಡತಿ ಬಂದಳು, ಹೆಂಡತಿ ಹೋಗುತ್ತಾಳೆ, ಎಂದು ಹೇಳಿಕೊಂಡೆ. ಅವಳು ಹೋಗಲಿಲ್ಲ. ಓಡಿಬಂದು ನನ್ನ ಎದೆಯ ಮೇಲೆ ಕೈಯಿಟ್ಟಳು. ಕಣ್ಣು ಬಿಟ್ಟೆ. ಅವಳು ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನ್ನ ಕೈ ಮಾತ್ರ ಬಿಡಲಿಲ್ಲ. ಉಸಿರು ಗಮನಿಸುವುದೆಂದರೆ ಏನೆಂದು ಆವತ್ತು ಅವಳನ್ನು ನೋಡಿ ತಿಳಿಯಿತು. ನನ್ನ ಎದೆ ಏರಿ ಇಳಿಯುವುದನ್ನೇ ಅವಳು ನೋಡುತ್ತಿದ್ದಳು.

ಅಷ್ಟರಲ್ಲಿ ಟೀಚರಮ್ಮ ಸಾಲಿನ ತುದಿಗೆ ಮುಟ್ಟಿದ್ದರು. "ಅಯ್ಯೋ, ಒಮ್ಮೆ ಮಾತಾಡಿ! ಒಂದೇ ಒಂದು ಮಾತು!" ಎಂದು ಗೋಳಾಡುತ್ತಾ ಶಾಲು ಸರಿಸಿದರು.

ಮಾಷ್ಟ್ರು ಕಣ್ಣು ಬಿಡಲಿಲ್ಲ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ತುಟಿ ಮಾತ್ರ ಮೆಲ್ಲಗೆ ಆಡಿತು: "ಶಬ್ದ ಬಂತು... ಶಬ್ದ ಹೋಯಿತು..."

ಟೀಚರಮ್ಮನ ಅಳು ಅಲ್ಲಿಗೇ ನಿಂತಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಎಲ್ಲಿಗೂ ಹೋಗ್ಲಿಲ್ಲ, ಇಲ್ಲೇ ಉಂಟು! ಏಳಿ!"

ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳನ್ನು ಎಬ್ಬಿಸಿದ ಸ್ವರ ಅದು. ಹಾಲಿನಲ್ಲಿ ಮಲಗಿದ್ದ ಗಂಡಸರೆಲ್ಲ ಒಟ್ಟಿಗೆ ಎದ್ದು ನಿಂತು, ಕೈಕಟ್ಟಿ, "ನಮಸ್ತೇ ಟೀಚರ್" ಎಂದರು.