ಉಳಿದರ್ಧ ಕನಸಿಗೆ ಅರ್ಧ ದಿನ ರಜೆ

ಜಗತ್ತಿನ ಮಹಾಸಂಕಟಗಳ ಪಟ್ಟಿಯಲ್ಲಿ ಅರ್ಧಕ್ಕೆ ನಿಂತ ಕನಸಿಗೆ ಇನ್ನೂ ಜಾಗ ಸಿಕ್ಕಿಲ್ಲ. ಯುದ್ಧ, ಭೂಕಂಪಗಳ ಕೆಳಗೆ, ಕೊನೆಯ ಸಾಲಿನಲ್ಲಾದರೂ ಅದನ್ನು ಸೇರಿಸಬೇಕೆಂಬುದು ನಮ್ಮ ನಕ್ಷೆಗಾರನ ಅಭಿಪ್ರಾಯ.

ಕಾರಣವಿತ್ತು. ಆ ದಿನ ಬೆಳಗಿನ ಜಾವ, ತೀರಿಹೋಗಿ ಏಳು ವರ್ಷವಾಗಿದ್ದ ಅಮ್ಮ ಕನಸಿಗೆ ಬಂದಳು. ಮಂಚದ ಅಂಚಿನಲ್ಲಿ ಕೂತು, "ಮಗು, ಆ ಪೆಟ್ಟಿಗೆ ಕೀಲಿ ಇದ್ಯಲ್ಲ, ಅದು..." ಎಂದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಅಮ್ಮ ಊದಿದ ಹಾಲಿನ ಕೆನೆಯ ಹಾಗೆ ಸುಕ್ಕಾಗಿ ಒಂದು ಬದಿಗೆ ಸರಿದುಹೋದಳು.

ಅವಳ ಮರದ ಪೆಟ್ಟಿಗೆ ಏಳು ವರ್ಷದಿಂದ ಬೀಗ ಬಿಗಿದುಕೊಂಡು ಕೂತಿತ್ತು. "ಒಡೀಬೇಡ. ಕೀಲಿ ವಿಷಯ ಆಮೇಲೆ ಹೇಳ್ತೀನಿ" ಎಂದಿದ್ದವಳು, ಆ ಆಮೇಲೆ ಬರುವ ಮೊದಲೇ ಕಣ್ಣು ಮುಚ್ಚಿದ್ದಳು. ಒಡೆಯುವುದಿಲ್ಲವೆಂದು ಅವನು ಮಾತು ಕೊಟ್ಟಿದ್ದ. ಹೆಂಡತಿ ಕೊಟ್ಟಿರಲಿಲ್ಲ.

"ಗೆದ್ದಲು ಊಟ ಮುಗಿಸಿ ಕೈ ತೊಳೆದ ಮೇಲೆ ತೆಗೀತೀರಾ? ಸಾಯಂಕಾಲ ಐದಕ್ಕೆ ಬಡಗಿ ಬರ್ತಾನೆ. ಅಷ್ಟರೊಳಗೆ ಕೀಲಿ ಸಿಕ್ಕಿದ್ರೆ ಸಿಕ್ತು."

ಉಳಿದರ್ಧ ಕನಸನ್ನು ಐದರೊಳಗೆ ಕಾಣಬೇಕಿತ್ತು. ಅದಕ್ಕೆ ಹಾಫ್ ಡೇ ಬೇಕಿತ್ತು.

ನಕ್ಷೆ ಕಚೇರಿಯಲ್ಲಿ ಹಾಫ್ ಎಂಬ ಮಾತಿಗೆ ಗುಮಾಸ್ತರಿಗಿಂತ ಹೆಚ್ಚು ದುಡಿಮೆ. ಕುಡಿಯುವ ಕಾಫಿ ಹಾಫ್, ಅಂಗಿಯ ತೋಳು ಹಾಫ್, ಮೇಲಧಿಕಾರಿ ಕಿವಿಗೆ ಹಾಕಿಕೊಳ್ಳುವ ಮಾತೂ ಹಾಫ್. ರಜೆ ಮಾತ್ರ ಹಾಗೆ ಸಿಗುತ್ತಿರಲಿಲ್ಲ. ರಜೆ ಪುಸ್ತಕದಲ್ಲಿ ದಿನಕ್ಕೊಂದೇ ಚೌಕ. ಮಧ್ಯಾಹ್ನ ಹೋಗುವವನು ಬೆಳಿಗ್ಗೆ ಬಾರದ ಇನ್ನೊಬ್ಬನನ್ನು ಹುಡುಕಿ ತಂದು ಅದೇ ಚೌಕದಲ್ಲಿ ಸಹಿ ಹಾಕಿಸಬೇಕು. ಎರಡು ಅರ್ಧ ಸೇರಿದರೇ ರಜೆ.

"ನಿಮ್ಮ ಜೋಡಿ ಎಲ್ರೀ?" ಎಂದರು ಮೇಲಧಿಕಾರಿ, ವಧುವಿನ ಕಡೆಯವರಂತೆ.

"ನಾನು ಒಂಬತ್ತೂವರೆಗೇ ಬಂದ್ಬಿಟ್ಟೆನಲ್ಲಪ್ಪ, ಛೇ" ಎಂದು ಟೈಪಿಸ್ಟ್ ಅಕ್ಕ ತನ್ನ ಶಿಸ್ತಿಗೆ ತಾನೇ ಮರುಗಿದಳು.

ಹನ್ನೆರಡಕ್ಕೆ ಉಗ್ರಾಣದವನು ಬಂದ. ಎಲ್ಲರೂ ಅವನನ್ನು ಆಮೆ ಎನ್ನುತ್ತಿದ್ದರು.

"ಸಹಿ ಹಾಕ್ತೀನಿ ಬಿಡಿ. ಆದ್ರೆ ಯಾಕೆ ಅಂತ ಹೇಳ್ಬೇಕು."

ನಕ್ಷೆಗಾರ ಹೇಳಿದ. "ಯಾರಿಗೂ ಬೇಡ" ಎಂದೂ ಹೇಳಿದ.

ಆಮೆ ನಡಿಗೆಯಲ್ಲಿ ಮಾತ್ರ ಆಮೆ. ಎದುರುಮನೆ ಆಂಟಿ ಅವನಿಗೆ ನಾದಿನಿಯಾಗಬೇಕು. ನಕ್ಷೆಗಾರ ಬಸ್ಸಿಳಿದು ಬೀದಿಯ ತಿರುವು ಮುಟ್ಟುವ ಹೊತ್ತಿಗೆ ಸುದ್ದಿ ಮನೆ ತಲುಪಿ, ಚಪ್ಪಲಿ ಬಿಟ್ಟು, ಒಳಗೆ ಕೂತಿತ್ತು. ಜೊತೆಗೆ ಆಂಟಿಯೂ, ಮಹಡಿಯ ಮೇಷ್ಟ್ರೂ.

"ಬೆಳಿಗ್ಗೆ ಯಾವ ಮಗ್ಗುಲು? ಅದೇ ಮಗ್ಗುಲಿಗೆ ತಿರುಗಿ" ಎಂದಳು ಆಂಟಿ.

"ದಿಂಬೂ ಅದೇ ಇರ್ಲಿ" ಎಂದರು ಮೇಷ್ಟ್ರು. "ಮೊದಲ ಕಂತು ಒಂದು ದಿಂಬಲ್ಲಿ, ಎರಡನೇದು ಇನ್ನೊಂದ್ರಲ್ಲಿ ಅಂದ್ರೆ ಪಾಪ, ಅವರು ಎಲ್ಲಿ ಅಂತ ಹುಡುಕ್ಬೇಕು?"

ಇಬ್ಬರೂ ಕುರ್ಚಿ ಎಳೆದುಕೊಂಡು ಅವನ ಮುಖ ನೋಡುತ್ತಾ ಕೂತರು. ಮೂರು ಗಂಟೆಯಾಯಿತು.

"ಬಂತಾ ನಿದ್ದೆ?"

"ಬರ್ತಿತ್ತು ಮೇಷ್ಟ್ರೇ. ನಿಮ್ಮ ದನಿ ಕೇಳಿ ವಾಪಸ್ ಹೋಯ್ತು."

ಕೊನೆಗೆ ಹೆಂಡತಿಯೇ ಅವರನ್ನು ಹೊರಡಿಸಿದಳು. ಪರದೆ ಎಳೆದು, ಬಾಗಿಲು ಮುಂದೆ ಮಾಡುತ್ತಾ, ಎಂದೂ ಇಲ್ಲದ ಮೆದುದನಿಯಲ್ಲಿ ಹೇಳಿದಳು. "ನೆಮ್ಮದಿಯಾಗಿ ಕೇಳ್ಕೊಂಡ್ಬನ್ನಿ. ಯಾರೂ ಸದ್ದು ಮಾಡದ ಹಾಗೆ ನಾನು ನೋಡ್ಕೋತೀನಿ."

ಕೋಣೆಗೆ ನೀರು ಬೆರೆಸಿದ ಹಾಲಿನಂಥ ಬೆಳಕು ಇಳಿಯಿತು. ಪರದೆ ಉಸಿರು ತುಂಬಿಕೊಂಡಿತು, ಬಿಟ್ಟಿತು. ಮಂಚ ಹಗ್ಗ ಬಿಚ್ಚಿದ ದೋಣಿಯಂತೆ ಗೋಡೆಯಿಂದ ಒಂದಿಷ್ಟು ಸರಿಯಿತು. ಅಂಚಿನಲ್ಲಿ ಅಮ್ಮ ಕೂತಿದ್ದಳು.

"ಎಲ್ಲಿಗೆ ನಿಲ್ಲಿಸಿದ್ದೆ ಮಗು?"

"ಕೀಲಿ, ಅಮ್ಮ."

ದೂರದಲ್ಲಿ ಯಾರೋ ಹುಟ್ಟು ಹಾಕುತ್ತಿರುವ ಸದ್ದು, ಮೆಲ್ಲಗೆ, ಒಂದೇ ಸಮನೆ. ಹೋಗುತ್ತಿತ್ತು, ಬರುತ್ತಿತ್ತು. ಅವಳ ಸೆರಗಿನಲ್ಲಿ ಸೋಪಿನ ವಾಸನೆಯಿತ್ತು. ಕೀಲಿಯ ಮಾತು ಮರೆತು ಹೀಗೇ ಕೂತಿರಲಿ ಎಂದೂ ಅವನಿಗೆ ಅನ್ನಿಸಿತು.

"ಅದು ಎಂದೋ ಕಳೆದುಹೋಯ್ತು ಕಣೋ. ಹೇಳಕ್ಕೆ ನಾಚಿಕೆಯಾಗಿ ಆಮೇಲೆ ಅಂದೆ. ಹಿಂದಿನ ಹಲಗೆ ಎಡಕ್ಕೆ ತಳ್ಳು, ಬಂದ್ಬಿಡುತ್ತೆ. ನಮ್ಮಪ್ಪ ಮಾಡಿದ ಪೆಟ್ಟಿಗೆ, ಒಂದು ಗೀರೂ ಬೀಳಬಾರದು ನೋಡು."

ಹುಟ್ಟಿನ ಸದ್ದು ನಿಂತಿತು. ಅವನು ಎದ್ದು ಕೂತ. ಐದೂ ಇಪ್ಪತ್ತು.

ನಡುಮನೆಗೆ ಓಡಿದ. ಬಡಗಿ ಮೊಣಕಾಲಿನ ಮರದ ಪುಡಿ ಕೊಡವುತ್ತಿದ್ದ. ಪೆಟ್ಟಿಗೆ ನಡುವಿಗೆ ಸರಿಯಾಗಿ ಎರಡು ಹೋಳಾಗಿತ್ತು. ಬೀಗಕ್ಕೆ ಏನೂ ಆಗಿರಲಿಲ್ಲ.

"ನಿಮ್ಮ ನಿದ್ದೆ ಕೆಡಬಾರ್ದು ಅಂದ್ರು ಅಮ್ಮಾವ್ರು. ಅದಕ್ಕೇ ಸುತ್ತಿಗೆ ಮುಟ್ಟಲಿಲ್ಲ ಸಾರ್. ಸಣ್ಣ ಗರಗಸದಲ್ಲಿ ಬೆಣ್ಣೆ ಕೊಯ್ದ ಹಾಗೆ ಕೊಯ್ದೆ."

"ಐದು ದಾಟಿತ್ತು ರೀ" ಎಂದಳು ಹೆಂಡತಿ. "ಏನಂದ್ರು ಅತ್ತೆ?"

ಅವನು ನೆಲಕ್ಕೆ ಕೂತು, ಒಂದು ಹೋಳಿನ ಹಿಂದಿನ ಹಲಗೆಯನ್ನು ಎಡಕ್ಕೆ ತಳ್ಳಿದ. ಅರ್ಧ ಹಲಗೆ ಸರಾಗವಾಗಿ ಕೈಗೆ ಬಂತು.

ಒಳಗೆ ಅವನ ಅಳತೆಗೆ ಹೆಣೆಯುತ್ತಿದ್ದ ಬೂದುಬಣ್ಣದ ಸ್ವೆಟರ್ ಇತ್ತು, ಕಡ್ಡಿಗಳ ಸಮೇತ. ಮುಗಿದಿದ್ದುದು ಒಂದೇ ತೋಳು. ಗರಗಸ ಅದನ್ನು ಮೊಣಕೈ ಹತ್ತಿರ ಕತ್ತರಿಸಿತ್ತು.

ಮರುದಿನ ಆಮೆ, ತಾನು ಹಿಂದಿನ ದಿನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿಯೇ ಬಂದಿದ್ದೆನೆಂದು ವಾದಿಸಿ ತನ್ನ ಸಹಿ ಹೊಡೆದುಹಾಕಿಸಿದ. ಪುಸ್ತಕದಲ್ಲಿ ನಕ್ಷೆಗಾರನ ರಜೆ ಇಡೀ ದಿನ ಎಂದಾಯಿತು.