ಬಿಚ್ಚಿದವರೇ ಜೋಡಿಸಬೇಕು

ಆ ಭಾನುವಾರ ಬೆಳಿಗ್ಗೆ ಗುಮಾಸ್ತರು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಬಾಯಿ ಅಂದರೆ ಬಾಯಿಯೂ ಅಲ್ಲ, ಹೆಬ್ಬೆರಳು. ವಿಮಾ ಕಚೇರಿಯಲ್ಲಿ ಕೂತು ವರ್ಷಗಟ್ಟಲೆ ಬೇರೆಯವರ ಅಪಘಾತಗಳನ್ನು ಕಡತಕ್ಕೆ ಏರಿಸುತ್ತ ಬಂದ ಆ ಮನುಷ್ಯ, ತನ್ನ ಅಪಘಾತವನ್ನು ತಾನೇ ಮೊಬೈಲಿನಲ್ಲಿ ಟೈಪು ಮಾಡಿ ಕಳಿಸಿದರು.

"ಎಲ್ಲರಿಗೂ ನಮಸ್ಕಾರ. ಗಾಡಿ ಸ್ಟಾರ್ಟ್ ಮಾಡಿದಾಗ ಸಣ್ಣಗೆ ಟಿಕ್ ಟಿಕ್ ಅಂತ ಶಬ್ದ ಬರ್ತಿದೆ. ಏನಿರಬಹುದು?"

ಕಳಿಸಿದ್ದು ಹಳೇ ಕಾರುಗಳ ಸಂಘದ ಗುಂಪಿಗೆ. ಆ ಗುಂಪಿನಲ್ಲಿ ಪ್ರಶ್ನೆ ಕೇಳುವುದೆಂದರೆ ಊಟಕ್ಕೆ ಕರೆದ ಹಾಗೆ. ಯಾರೂ ಉತ್ತರ ಬರೆಯುವುದಿಲ್ಲ, ಎಲ್ಲರೂ ಬಂದುಬಿಡುತ್ತಾರೆ. ಇದು ಗುಮಾಸ್ತರಿಗೆ ಗೊತ್ತಿಲ್ಲದ್ದೇನಲ್ಲ. ಬೇರೆಯವರ ಮನೆಗೆ ಅವರೂ ಹಾಗೇ ಎಷ್ಟೋ ಸಲ ಸ್ಪ್ಯಾನರ್ ಹಿಡಿದು ಓಡಿದ್ದರು. ಆದರೆ ಅವತ್ತು ಅವರ ಮನಸ್ಸು ಸ್ತಿಮಿತದಲ್ಲಿರಲಿಲ್ಲ. ಅವತ್ತು ಸಂಜೆ ಗಾಡಿ ಮಾರಾಟವಾಗಲಿತ್ತು.

ಆ ಕಾರು ಅವರ ಮದುವೆಗಿಂತ ಹಳೆಯದು. ಹೆಂಡತಿ ಅದನ್ನು "ನಿಮ್ಮ ದೊಡ್ಡ ಹೆಂಡ್ತಿ" ಎಂದೇ ಕರೆಯುತ್ತಿದ್ದರು. ಅವರಿಗೆ ಮನೆ ಪಕ್ಕದ ಶೆಡ್ಡಿನಲ್ಲಿ ಹೊಲಿಗೆ ಕ್ಲಾಸು ತೆರೆಯುವ ಆಸೆ. ಮಿಷಿನ್‌ಗಳು ಮಾರನೇ ದಿನ ಬೆಳಿಗ್ಗೆ ಬರಲಿದ್ದವು, ಕಲಿಯುವವರೂ ಸೇರಿಯಾಗಿತ್ತು. ಶೆಡ್ಡಿನಲ್ಲಿ ಮಾತ್ರ ದೊಡ್ಡ ಹೆಂಡತಿ ಕಾಲು ಚಾಚಿ ಕೂತಿದ್ದಳು. "ಈ ಸಲ ಗಾಡಿ ಹೋಗ್ಲಿಲ್ಲ ಅಂದ್ರೆ, ಮಿಷಿನ್‌ಗಳು ನಿಮ್ಮ ಮಂಚದ ಜಾಗಕ್ಕೆ ಬರ್ತವೆ. ನೀವು ಹೋಗಿ ಶೆಡ್ಡಲ್ಲಿ ಅವಳ ಪಕ್ಕ ಮಲಕ್ಕೊಳ್ಳಿ" ಎಂದು ಹೆಂಡತಿ ಹೇಳಿಯಾಗಿತ್ತು. ಹಿಂದೆ ಇಂಥ ಮಾತನ್ನು ತಮಾಷೆ ಅಂದುಕೊಂಡು ಕೆಟ್ಟವರು ಗುಮಾಸ್ತರು. ಈ ಸಲ ಮಾತು ಕೊಟ್ಟಿದ್ದರು. ಗಿರಾಕಿಯೂ ಸಿಕ್ಕಿದ್ದರು, ಯಾರೋ ಹಲ್ಲಿನ ಡಾಕ್ಟರು. ಸಂಜೆ ಬಂದು ತಗೊಂಡು ಹೋಗುತ್ತೇನೆಂದು ಫೋನಿನಲ್ಲಿ ಹೇಳಿದ್ದರು.

ಗುಮಾಸ್ತರಿಗೆ ಸಂಕಟವಾಗಿದ್ದು ನಿಜ. ಹೋಗುವ ಗಾಡಿ ಚೆನ್ನಾಗಿ ಹೋಗಲಿ, ಹೊಸಬರ ಕೈಲಿ ಒಂದು ಮಾತು ಅನ್ನಿಸಿಕೊಳ್ಳದಿರಲಿ ಎಂಬ ಪ್ರೀತಿಯಿಂದಲೇ ಅವರು ಆ ಟಿಕ್ ಟಿಕ್ ಬಗ್ಗೆ ಕೇಳಿದ್ದು. ಮಾರುತ್ತಿದ್ದೇನೆ ಎಂದು ಮಾತ್ರ ಬರೆದಿರಲಿಲ್ಲ. ಸಂಘದಲ್ಲಿ ಗಾಡಿ ಮಾರಿದವನನ್ನು ಮನೆತನದ ಮಾನ ಕಳೆದವನ ಹಾಗೆ ನೋಡುತ್ತಿದ್ದರು.

ಹೆಂಡತಿ ದಾರ, ಕತ್ತರಿ, ಟೇಪು ಎಂದು ಚೀಲ ಹಿಡಿದು ಪೇಟೆಗೆ ಹೊರಟರು. ಅವರು ಆ ತಿರುವು ದಾಟಿದರೋ ಇಲ್ಲವೋ, ಈ ತಿರುವಿನಿಂದ ಮೂರು ಹಳೇ ಗಾಡಿಗಳು ಕೆಮ್ಮುತ್ತ ಬಂದು ಗೇಟಿನ ಮುಂದೆ ನಿಂತವು.

ಮೊದಲು ಇಳಿದವರು, ಸಂಘದವರೆಲ್ಲ ಕಾರ್ಬುರೇಟರ್ ಮಾವ ಎಂದು ಕರೆಯುವವರು. ಅಂಚೆ ಇಲಾಖೆಯಿಂದ ನಿವೃತ್ತರಾದವರು. ಲೋಕದ ಸಕಲ ಕಾಯಿಲೆಗಳೂ ಕಾರ್ಬುರೇಟರಿನಲ್ಲಿ ಹುಟ್ಟುತ್ತವೆ ಎಂದು ನಂಬಿದವರು. ಅವರ ಹಿಂದೆ ಸ್ಟುಡಿಯೋ ಇಟ್ಟಿರುವ ಫೋಟೋದವರು. ಇವರ ಪ್ರಕಾರ ತಪ್ಪೆಲ್ಲ ವಯರಿನದು. ಕೊನೆಗೆ ಸಂಘದ ಕಾರ್ಯದರ್ಶಿ, ಔಷಧಿ ಅಂಗಡಿಯ ಮಾಲೀಕರು. ರೋಗ ಯಾವಾಗಲೂ ಒಳಗಿರುತ್ತದೆ, ಎಂಜಿನ್ನು ತೆರೆಯದೆ ಮಾತಾಡುವುದು ಮೂರ್ಖತನ ಎಂಬುದು ಇವರ ನಿಲುವು.

"ಎಲ್ಲಿ ರೋಗಿ?" ಎಂದರು ಕಾರ್ಯದರ್ಶಿ.

"ಅಯ್ಯೋ, ಏನಿಲ್ಲ ಬಿಡಿ," ಎಂದರು ಗುಮಾಸ್ತರು. "ಆಗ್ಲೇ ಶಬ್ದ ನಿಂತೋಯ್ತು. ಕಾಫಿ ಕುಡ್ಕೊಂಡು ಹೋಗಿ."

"ನಿಂತೋಯ್ತಾ? ಹಾಗಾದ್ರೆ ಇನ್ನೂ ಡೇಂಜರು," ಎಂದು ಮಾವ ತೋಳು ಮಡಚಿದರು. "ಬರೋ ಶಬ್ದ ನಿಂತ್ರೆ ಕಾರ್ಬುರೇಟರ್ರೇ ಕಣ್ರೀ. ತಗೊಳ್ಳಿ, ಬಾನೆಟ್ ಎತ್ತಿ."

"ಇವತ್ತು ಬೇಡಿ ಮಾವ..."

"ಯಾಕೆ, ಇವತ್ತೇನಿದೆ?"

ಇವತ್ತೇನಿದೆ ಎಂದು ಗುಮಾಸ್ತರು ಹೇಳುವ ಹಾಗಿಲ್ಲ. ಹೋಗಿ ಬಾನೆಟ್ ಎತ್ತಿದರು.

ಇಲ್ಲಿ ಸಂಘದ ಒಂದು ನಿಯಮ ಹೇಳಬೇಕು. ಬಿಚ್ಚಿದವರೇ ಜೋಡಿಸಬೇಕು. ಹಿಂದೊಮ್ಮೆ ಒಬ್ಬರು ಬಿಚ್ಚಿದ್ದನ್ನು ಇನ್ನೊಬ್ಬರು ಜೋಡಿಸಲು ಹೋಗಿ, ಕೊನೆಗೆ ಒಂದು ಬೊಗಸೆ ಸ್ಕ್ರೂ ಉಳಿದು, ಅವು ಯಾರವು ಎಂದು ಇಬ್ಬರೂ ಮಾತು ಬಿಟ್ಟಿದ್ದರು. ಅಂದಿನಿಂದ ಒಬ್ಬರು ಕಳಚಿದ ನಟ್ಟಿಗೆ ಇನ್ನೊಬ್ಬರು ಬೆರಳು ಸೋಕಿಸುವ ಹಾಗಿರಲಿಲ್ಲ. ಕಾನೂನು ಚೆನ್ನಾಗಿಯೇ ಇತ್ತು, ಬಿಚ್ಚಿದವರು ಕೊನೆಯವರೆಗೂ ಅಲ್ಲೇ ಇರುವುದಾದರೆ.

ಮಾವ ಕಾರ್ಬುರೇಟರನ್ನು ಹೊರತೆಗೆದು, ಅಡುಗೆಮನೆಯಿಂದ ಹೊಸ ಸ್ಟೀಲ್ ತಟ್ಟೆ ತರಿಸಿ, ಒಂದೊಂದೇ ಭಾಗ ಕಳಚಿ ಅದರಲ್ಲಿ ಹರಡಿದರು. ಫೋಟೋದವರು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಒಳಗಿದ್ದ ವಯರನ್ನೆಲ್ಲ ಎಳೆದುಹಾಕಿದರು. ಸ್ಟಿಯರಿಂಗಿನ ಕೆಳಗೆ ಅವು ತಿಂಗಳಿಂದ ಬಾಚದ ತಲೆಗೂದಲ ಹಾಗೆ ಜೋತುಬಿದ್ದವು. ಕಾರ್ಯದರ್ಶಿ ಎಂಜಿನ್ನಿನ ಮೇಲ್ಮುಚ್ಚಳವನ್ನೇ ಎತ್ತಿ, ಗುಮಾಸ್ತರು ಇಸ್ತ್ರಿ ಮಾಡಿಟ್ಟಿದ್ದ ಪಂಚೆಯ ಮೇಲೆ ಮಲಗಿಸಿದರು.

"ನೋಡಿದ್ರಾ ಮಸಿ? ನಾನು ಹೇಳ್ಲಿಲ್ವಾ?"

"ಮಸಿ ಬಂದಿದ್ದು ಎಲ್ಲಿಂದ? ಕಾರ್ಬುರೇಟರಿಂದ."

"ರೀ, ಕರೆಂಟು ಸರಿಯಾಗಿ ಬಂದಿದ್ರೆ ಮಸಿ ಯಾಕ್ರೀ ಕಟ್ತಿತ್ತು?"

ಟಿಕ್ ಟಿಕ್ ಶಬ್ದದ ವಿಷಯ ಆಮೇಲೆ ಯಾರಿಗೂ ನೆನಪಾಗಲಿಲ್ಲ. ಗುಮಾಸ್ತರು ಮೂವರ ನಡುವೆ ಕಾಫಿ ಲೋಟ ಹಿಡಿದು ಸುತ್ತುತ್ತ, "ಬೇಗ ಮುಗಿಯತ್ತಾ? ಮಧ್ಯಾಹ್ನದೊಳಗೆ ಆಗತ್ತಾ?" ಎಂದು ಕೇಳಿದ್ದನ್ನೇ ಕೇಳುತ್ತಿದ್ದರು.

"ಅವಸರ ಮಾಡಿದ್ರೆ ಆಗೋ ಕೆಲ್ಸ ಅಲ್ಲ ಇದು," ಎಂದು ಮೂವರೂ ಬೈದರು. ಅವರು ಅವತ್ತು ಒಮ್ಮತಕ್ಕೆ ಬಂದಿದ್ದು ಆ ಒಂದೇ ವಿಷಯದಲ್ಲಿ.

ಮಧ್ಯಾಹ್ನ ಮಾವನ ಫೋನು ಹೊಡೆದುಕೊಂಡಿತು. ಮನೆಗೆ ಬೀಗರು ಬಂದಿದ್ದರು, ಅವರ ಹೆಂಡತಿ ಹಲ್ಲು ಕಚ್ಚಿಕೊಂಡು ಮಾತಾಡುತ್ತಿದ್ದರು. "ಈಗ ಬಂದೆ," ಎಂದು ಕೈ ಒರೆಸಿಕೊಂಡು ಮಾವ ಹೊರಟರು. ಫೋಟೋದವರಿಗೆ ಯಾವುದೋ ಕಂಪನಿಯ ಗ್ರೂಪ್ ಫೋಟೋ ತೆಗೆಯುವುದಿತ್ತು, ಅವರೂ "ಈಗ ಬಂದೆ" ಎಂದರು. ಕಾರ್ಯದರ್ಶಿಗೆ ಒಂದು ಬೋಲ್ಟು ಜಗ್ಗಲೊಲ್ಲದು, ಅದಕ್ಕೆ ಉದ್ದ ಹಿಡಿಯ ಸ್ಪ್ಯಾನರ್ ಬೇಕು. ತರಲು ಹೋದವರನ್ನು ಅಂಗಡಿ ಹಿಡಿದುಕೊಂಡಿತು.

ಗುಮಾಸ್ತರು ಒಬ್ಬರೇ ಉಳಿದರು. ಶೆಡ್ಡಿನ ತುಂಬ ಅವರ ಗಾಡಿಯೇ ಹರಡಿತ್ತು, ಗಾಡಿ ಮಾತ್ರ ಎಲ್ಲೂ ಇರಲಿಲ್ಲ. ನಿಯಮ ಹಾಳಾಗಲಿ ಎಂದು ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡು ತುಂಡು ಜೋಡಿಸಲು ಒತ್ತಿದರು. ಚಟಾರನೆ ಒಂದು ಸ್ಪ್ರಿಂಗು ಹಾರಿ, ಸೂರಿಗೆ ತಾಗಿ, ಎಲ್ಲೋ ಬಿತ್ತು. ಅದನ್ನು ಹುಡುಕುತ್ತ ಗಾಡಿಯ ಕೆಳಗೆ ಹೊಟ್ಟೆಯ ಮೇಲೆ ತೆವಳುತ್ತಿದ್ದಾಗ ಅವರ ಕಣ್ಣೆದುರು ಪರಿಚಯದ ಎರಡು ಚಪ್ಪಲಿಗಳು ಬಂದು ನಿಂತವು.

"ಏನ್ರೀ ಇದು?"

"ಸರ್ವಿಸ್ ಕಣೇ. ಕೊಡೋ ಮುಂಚೆ ಒಂದ್ಸಲ ಸರ್ವಿಸ್..."

"ಸರ್ವಿಸಾ, ಪೋಸ್ಟ್‌ಮಾರ್ಟಮ್ಮಾ?" ಹೆಂಡತಿ ಚೀಲ ಕೆಳಗಿಟ್ಟರು. ಆಮೇಲೆ ತಟ್ಟೆ ಕಂಡಿತು. "ಅದು ನನ್ನ ಹೊಸ ತಟ್ಟೆ."

"ತೊಳೆದುಕೊಡ್ತೀನಿ."

"ರೀ, ನಾನು ಎಷ್ಟು ಜನಕ್ಕೆ ನಾಳೆಯಿಂದ ಕ್ಲಾಸು ಅಂತ ಹೇಳಿದ್ದೀನಿ ಗೊತ್ತಾ? ನಿಮ್ಮ ಸಂಸಾರ ತೂಗಿಸಿದ್ದು ಸಾಕು, ನನ್ನ ಕೈಲೂ ಒಂದು ಕೆಲ್ಸ ಇರ್ಲಿ ಅಂದ್ಕೊಂಡೆ. ಅಷ್ಟೂ ಬೇಡ್ವಾ ನಂಗೆ?"

ಕೂಗಾಡಿದ್ದರೆ ಗುಮಾಸ್ತರು ತಡೆದುಕೊಳ್ಳುತ್ತಿದ್ದರು. ಆಕೆ ಮೆತ್ತಗೆ ಹೇಳಿದ್ದರಿಂದ ಅವರಿಗೆ ನಿಜವಾಗಿ ನಾಚಿಕೆಯಾಯಿತು. ಈ ಗಾಡಿ ಇಂದು ಹೋಗಲೇಬೇಕು, ತಲೆ ಮೇಲೆ ಹೊತ್ತುಕೊಂಡಾದರೂ ಸಾಗಿಸಬೇಕು ಎಂದುಕೊಂಡು ಎಲ್ಲರಿಗೂ ಫೋನು ಮಾಡಿದರು. ಎಲ್ಲರೂ "ಹೊರಟೆ, ಹೊರಟೆ" ಎಂದರು.

ಹೊರಟವರು ಬಂದಿದ್ದು ಸಂಜೆಗೆ, ಸರಿಯಾಗಿ ಹಲ್ಲಿನ ಡಾಕ್ಟರ ಸ್ಕೂಟರು ಗೇಟಿನೊಳಗೆ ಬರುವ ಹೊತ್ತಿಗೆ. ಡಾಕ್ಟರು ನಗುಮುಖದ ಹೆಂಗಸು. ಹೆಲ್ಮೆಟ್ ತೆಗೆದು, "ಗಾಡಿ ತಗೊಂಡು ಹೋಗೋಕೆ ಬಂದೆ. ಎಲ್ಲಿದೆ?" ಎಂದರು.

ಮೂವರೂ ಗುಮಾಸ್ತರ ಕಡೆ ತಿರುಗಿದರು.

"ತಗೊಂಡು ಹೋಗೋಕಾ?" ಎಂದರು ಕಾರ್ಯದರ್ಶಿ. "ಗುಮಾಸ್ತ್ರೇ, ಗಾಡಿ ಮಾರ್ತಿದ್ದೀರಾ?"

"ನಮ್ಮ ಹತ್ರ ಒಂದು ಮಾತು ಹೇಳ್ದೆ!" ಎಂದರು ಫೋಟೋದವರು. ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು. ಒಂದು ಕಡೆ ಸಂಘ, ಒಂದು ಕಡೆ ಹೆಂಡತಿ, ನಡುವೆ ಗಿರಾಕಿ. ಭೂಮಿ ಬಾಯಿ ಬಿಡಬಾರದೇ ಎಂದು ಗುಮಾಸ್ತರು ಕೆಳಗೆ ನೋಡಿದರು. ಅಲ್ಲಿ ಬರೀ ನಟ್ಟು ಬೋಲ್ಟು.

"ಡಾಕ್ಟ್ರೇ, ಕ್ಷಮಿಸ್ಬೇಕು. ಬೆಳಿಗ್ಗೆ ಚೆನ್ನಾಗೇ ಓಡ್ತಿತ್ತು..."

ಡಾಕ್ಟರು ಕೇಳಿಸಿಕೊಳ್ಳುತ್ತಿರಲಿಲ್ಲ. ಎಂಜಿನ್ನಿನ ಮುಂದೆ ಮಂಡಿಯೂರಿ, ಮೊಬೈಲಿನ ಬೆಳಕು ಬಿಟ್ಟು ಒಳಗೆ ಇಣುಕಿದರು. "ಅಬ್ಬಾ, ಎಷ್ಟು ಕರೆ ಕಟ್ಟಿದೆ! ಯಾರೂ ಕ್ಲೀನೇ ಮಾಡಿಲ್ವಲ್ಲ ಇವಕ್ಕೆ." ಬ್ಯಾಗಿನಿಂದ ಸಣ್ಣ ಕೊಕ್ಕಿನ ಸಲಕರಣೆಯೊಂದನ್ನು ತೆಗೆದು, ತಟ್ಟೆಯಲ್ಲಿದ್ದ ಕಾರ್ಬುರೇಟರಿನ ಕೂದಲೆಳೆಯಷ್ಟು ಕಿರಿದಾದ ತೂತಿಗೆ ಆಡಿಸಿ, ಉಫ್ ಎಂದು ಊದಿದರು. ತೂತಿನಾಚೆ ಬೆಳಕು ಕಂಡಿತು.

"ತಾಯೀ, ಈ ತೂತಿಗೆ ನಾನು ಎಷ್ಟು ವರ್ಷದಿಂದ ಒದ್ದಾಡ್ತಿದ್ದೀನಿ!" ಎಂದು ಮಾವ ಕೈಮುಗಿದೇ ಬಿಟ್ಟರು.

"ಓಡೋ ಕಾರು ನನ್ನ ಹತ್ರ ಇದೆ," ಎಂದರು ಡಾಕ್ಟರು. "ಒಂದನ್ನ ನಾನೇ ಕೈಯಾರೆ ಜೋಡಿಸ್ಬೇಕು ಅಂತ ಎಷ್ಟು ದಿನದ ಆಸೆ. ಇದನ್ನ ಯಾರು ಇಷ್ಟು ನೀಟಾಗಿ ಬಿಚ್ಚಿಟ್ಟಿದ್ದು? ಓಡ್ತಿದ್ದಿದ್ರೆ ನಾನು ಇನ್ನೂ ಯೋಚನೆ ಮಾಡ್ತಿದ್ದೆ. ಈಗ ಯೋಚನೆಯೇ ಇಲ್ಲ."

ಬಿಚ್ಚಿಟ್ಟ ಮೂವರೂ ಎದೆಯುಬ್ಬಿಸಿದರು, ಜೋಡಿಸುವ ನಿಯಮ ಯಾರಿಗೂ ನೆನಪಾಗಲಿಲ್ಲ. ಗಾಡಿಯ ಕಾಗದಕ್ಕೆ ಅಲ್ಲೇ ಸಹಿಯಾಯಿತು. ಅಷ್ಟರಲ್ಲಿ ಡಾಕ್ಟರು, "ಆದ್ರೆ ಇದನ್ನ ಈಗ ಸಾಗಿಸೋದು ಹೇಗೆ? ನಾನಿರೋದು ಮೂರನೇ ಮಹಡಿ. ಒಂದು ಸ್ಕ್ರೂ ಕಳೆದ್ರೂ ಕಷ್ಟ. ಇಲ್ಲೇ ಇರ್ಲಾ?" ಎಂದರು.

ಹೆಂಡತಿ ಮುಂದೆ ಬಂದರು. "ಆಗಲ್ಲಮ್ಮ. ನಾಳೆ ಬೆಳಿಗ್ಗೆ ನನ್ನ ಹೊಲಿಗೆ ಮಿಷಿನ್ ಬರ್ತವೆ. ಈ ಜಾಗ ನನ್ನ ಕ್ಲಾಸಿಗೆ."

"ಇಷ್ಟು ಕತ್ತಲಲ್ಲಿ ಸೂಜಿಗೆ ದಾರ ಹೇಗೆ ಪೋಣಿಸ್ತಾರೆ ಅಕ್ಕ? ನನ್ನ ಕ್ಲಿನಿಕ್ ಮೇಲೆ ಒಂದು ದೊಡ್ಡ ಹಾಲ್ ಖಾಲಿ ಬಿದ್ದಿದೆ. ದೊಡ್ಡ ಕಿಟಕಿಗಳು, ಮೇನ್ ರೋಡು, ಬೋರ್ಡು ಹಾಕಿದ್ರೆ ದೂರಕ್ಕೇ ಕಾಣ್ಸತ್ತೆ. ನೀವು ಅಲ್ಲಿ ಕ್ಲಾಸ್ ಮಾಡಿ, ನಾನು ಇಲ್ಲಿ ಗಾಡಿ ಇಟ್ಕೋತೀನಿ. ಲೆಕ್ಕ ಸರಿಹೋಯ್ತು."

ಹೆಂಡತಿಯ ಮುಖ ಅರಳಿದ್ದನ್ನು ಗುಮಾಸ್ತರು ಹೊಸದಾಗಿ ನೋಡುವವರಂತೆ ನೋಡಿದರು. ಹೆಂಗಸರಿಬ್ಬರೂ ಕೈ ಕುಲುಕಿದರು. ಶೆಡ್ಡು ಯಾರದೆಂದು ಯಾರೂ ಕೇಳಲಿಲ್ಲ.

ಮೊದಲು ಪೆಚ್ಚಾದರೂ ಆಮೇಲೆ ಗುಮಾಸ್ತರಿಗೆ ಒಳಗೊಳಗೇ ಖುಷಿ ಉಕ್ಕಿತು. ಹೆಂಡತಿಗೆ ಕೊಟ್ಟ ಮಾತೂ ಉಳಿಯಿತು, ಗಾಡಿಯೂ ಮನೆಯಲ್ಲೇ ಉಳಿಯಿತು! ಇಂಥ ಅದೃಷ್ಟ ಯಾರಿಗುಂಟು? ಉತ್ಸಾಹದಿಂದ ಒಂದು ಸ್ಪ್ಯಾನರ್ ಎತ್ತಿಕೊಂಡು ಬಗ್ಗಿದರು.

"ಸಾರ್, ಸಾರ್, ದಯವಿಟ್ಟು ಮುಟ್ಟಬೇಡಿ," ಎಂದರು ಡಾಕ್ಟರು ವಿನಯದಿಂದ. "ಎಲ್ಲಾ ನಾನೇ ಮಾಡ್ಬೇಕು."

"ಮಾಲೀಕರು ಹೇಳ್ತಿದ್ದಾರಲ್ರೀ, ದೂರ ನಿಲ್ಲಿ," ಎಂದು ಫೋಟೋದವರು ಸ್ಪ್ಯಾನರ್ ಇಸಿದುಕೊಂಡರು.

ಆಗಲೇ ಗುಮಾಸ್ತರ ಜೇಬಿನಲ್ಲಿ ಮೊಬೈಲು ಸದ್ದು ಮಾಡಿತು. ಸಂಘದ ಗುಂಪಿನಲ್ಲಿ ಡಾಕ್ಟರಿಗೆ ಸ್ವಾಗತ ಕೋರಿದ್ದರು. ಅದರ ಕೆಳಗೇ, ಗುಮಾಸ್ತರನ್ನು ಗುಂಪಿನಿಂದ ತೆಗೆಯಲಾಗಿದೆ ಎಂದಿತ್ತು. ತಲೆಯೆತ್ತಿ ನೋಡಿದರೆ, ಕೈಯಳತೆಯಲ್ಲೇ ಕಾರ್ಯದರ್ಶಿ ತಮ್ಮ ಮೊಬೈಲನ್ನು ಜೇಬಿಗಿಳಿಸುತ್ತಿದ್ದರು.

"ಬೇಜಾರು ಮಾಡ್ಕೋಬೇಡಿ ಗುಮಾಸ್ತ್ರೇ. ಗಾಡಿ ಇದ್ದವರಿಗೆ ಮಾತ್ರ ಸಂಘ. ನಿಮಗೊಬ್ಬರಿಗೆ ಅಂತ ನಿಯಮ ಸಡಿಲಿಸೋಕಾಗಲ್ಲ."

ಗುಮಾಸ್ತರಿಗೆ ಅಳು ಬಂದ ಹಾಗಾಯಿತು. ಹೆಂಡತಿ ಕಾಫಿ ಮಾಡಲು ಒಳಗೆ ಹೋಗುವುದನ್ನೇ ಕಾದು, ಕಾರ್ಯದರ್ಶಿಯನ್ನು ಮೂಲೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. "ಎಲ್ಲಾದ್ರೂ ಇನ್ನೊಂದು ಹಳೇ ಗಾಡಿ ಇದ್ರೆ ಹೇಳಿ. ಎಂಥದ್ದಾದ್ರೂ ಪರ್ವಾಗಿಲ್ಲ. ತಗೊಂಡುಬಿಡ್ತೀನಿ."

"ಇದೆಯಲ್ಲ!" ಎಂದರು ಕಾರ್ಯದರ್ಶಿ. "ನಮ್ಮ ಓಣಿಯಲ್ಲೇ ಒಂದಿದೆ, ಹೇಳಿ ಮಾಡಿಸಿದ ಹಾಗಿದೆ. ನಾಳೆಯೇ ಕೊಡಿಸ್ತೀನಿ." ಆಮೇಲೆ ಏನೋ ಹೊಳೆದು, ಹರಡಿದ ಭಾಗಗಳ ಕಡೆ ಒಮ್ಮೆ ನೋಡಿ, ಗುಮಾಸ್ತರ ಹತ್ತಿರ ಸರಿದು, ಕಾಳಜಿಯಿಂದ ಕೇಳಿದರು. "ಆದ್ರೆ ನಿಲ್ಲಿಸೋಕೆ ನಿಮ್ಮ ಹತ್ರ ಶೆಡ್ಡು ಗಿಡ್ಡು ಏನಾದ್ರೂ ಇದೆಯಾ?"