ಗೌಡರ ದೋಸೆಹಿಟ್ಟಿಗೆ ಹೆಸರು ಬಂದಿದ್ದು

ದುಡ್ಡು ಕೊಟ್ಟು ಹಾಕಿಸೋ ಜಾಹೀರಾತು ಬೇರೆ, ಊರವರೇ ಆಡೋ ಒಳ್ಳೆ ಮಾತು ಬೇರೆ. ಆ ಎರಡನೆಯದನ್ನು ಹುಟ್ಟಿಸೋದು ನನ್ನ ಕೆಲಸ. ಹುಟ್ಟೋದೇನೋ ಹುಟ್ಟುತ್ತೆ, ನಾನು ಅಂದುಕೊಂಡ ಹಾಗೆ ಮಾತ್ರ ಒಂದು ಸಲಾನೂ ಹುಟ್ಟಿಲ್ಲ.

ಮಲ್ಲತ್ತಹಳ್ಳಿಯ ಗೌಡರೊಬ್ಬರು ದೋಸೆಹಿಟ್ಟು ಪ್ಯಾಕ್ ಮಾಡಿ ಮಾರ್ತಾರೆ. ದೊಡ್ಡ ಕಂಪನಿ ಹಿಟ್ಟು ಬಂದ ಮೇಲೆ ಇವರದು ಅಂಗಡಿ ಫ್ರಿಜ್ಜಿನ ಮೂಲೆ ಸೇರಿತ್ತು. "ದೀಪಾವಳಿ ಒಳಗೆ ಹೆಸರು ಬರ್ಲಿಲ್ಲ ಅಂದ್ರೆ ಗ್ರೈಂಡರ್ ಮಾರಿ ಸುಮ್ನೆ ಕೂತ್ಕೋತೀನಿ ಕಣಮ್ಮ" ಅಂತ ನನ್ನನ್ನು ಕರೆಸಿದರು. ಅಷ್ಟು ಚೆನ್ನಾಗಿರೋ ಹಿಟ್ಟು ಮೂಲೇಲಿ ಬಿದ್ದಿರೋದು ನನಗೂ ಸರಿ ಕಾಣಲಿಲ್ಲ.

೧. ಮೊದಲ ಪಾಠ

"ಜನ ಸದಾ ನಿಮ್ಮ ಬಗ್ಗೆ ಮಾತಾಡ್ತಾ ಇರಬೇಕು ಸಾರ್" ಅಂತ ಶುರು ಮಾಡಿದೆ.

ಗೌಡರು ಹೆಂಡತಿ ಮುಖ ನೋಡಿದರು. "ಅಣ್ಣತಮ್ಮಂದಿರು ಸೈಟು ಭಾಗ ಮಾಡ್ಕೊಂಡಾಗಿಂದ ಹೆಗ್ಗನಹಳ್ಳಿವರೆಗೂ ನಮ್ಮದೇ ಮಾತು. ಅದನ್ನ ನಿಲ್ಸೋಕೆ ಏನಾದ್ರೂ ಮಾಡಕ್ಕಾಗುತ್ತಾ ನೋಡಮ್ಮ!"

೨. ಫ್ಲೆಕ್ಸು

ಮನೆ ಕಾಂಪೌಂಡಿಗೆ ಹಿಟ್ಟಿನ ಪ್ಯಾಕೆಟ್ಟಿನ ದೊಡ್ಡ ಫೋಟೋ ಹಾಕ್ಸಿ ಅಂದಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಅಯ್ಯೋ ದೇವರೇ, ಅತ್ತೆ, ಮಾವ, ಷಡ್ಡಕ, ಅವರ ಮಕ್ಕಳು, ಎಲ್ಲರೂ ಕೈ ಮುಗಿದು ನಿಂತಿದ್ದಾರೆ. ಪ್ಯಾಕೆಟ್ಟು ಭಾವಮೈದನ ಮೊಣಕೈ ಕೆಳಗೆ ಒಂಚೂರು ಕಾಣ್ತಿತ್ತು. ಹೋಗೋ ಬರೋರೆಲ್ಲ, "ಗೌಡ್ರೇ, ಯಾವ ಎಲೆಕ್ಷನ್‌ಗೆ ನಿಂತಿದ್ದೀರಾ?" ಅಂತ ಕೇಳೋರು.

"ಭಾವಮೈದನ್ನ ತೆಗೀಬಹುದಿತ್ತಲ್ವಾ ಸಾರ್?" ಅಂದೆ.

"ಅವನನ್ನ ಬಿಟ್ರೆ ಹಬ್ಬಕ್ಕೆ ಮನೆಗೆ ಬರಲ್ಲ. ಹಿಟ್ಟು ಹಂಗೆಲ್ಲ ಮುನಿಸ್ಕೊಳ್ಳಲ್ಲ ಕಣಮ್ಮ."

೩. ಒಂದು ಸ್ಟಾರು

ಅಷ್ಟರಲ್ಲಿ ಹೇರೋಹಳ್ಳಿಯ ಹುಡುಗಿಯೊಬ್ಬಳು ಆನ್‌ಲೈನಲ್ಲಿ ಒಂದೇ ಸ್ಟಾರ್ ಕೊಟ್ಟು, "ಹಿಟ್ಟು ಹುಳಿ, ದೋಸೆ ಹಂಚು ಬಿಡಲ್ಲ" ಅಂತ ಬರೆದುಬಿಟ್ಟಳು. ಅದನ್ನು ಓದಿದ ಅಂಗಡಿಯವನು, ಇನ್ನು ನಿಮ್ಮ ಪ್ಯಾಕೆಟ್ ಇಡಲ್ಲ ಅಂದ. ನಾನು ನಯವಾಗಿ ಒಂದು ಉತ್ತರ ಬರೆದುಕೊಂಡು ಓಡಿದೆ.

ಗೌಡರು ಅದನ್ನು ಮುಟ್ಟಲೂ ಇಲ್ಲ. "ತಪ್ಪಾಗಿದ್ರೆ ಮನೆಗೆ ಹೋಗಿ ಕೇಳ್ಬೇಕು. ಬರಿಗೈಲಿ ಹೋಗ್ತಾರಾ?" ಅಂತ ಅಂಗಡಿಯವನ ಹತ್ರ ಹುಡುಗಿ ಮನೆ ವಿಳಾಸ ಕೇಳ್ಕೊಂಡು ಹೊರಟರು. ಗೌಡರು ಪಂಚೆ ಶಲ್ಯ, ಅವರ ಹೆಂಡತಿ ರೇಷ್ಮೆ ಸೀರೆ, ಮದುವೆ ವಯಸ್ಸಿನ ಮಗ ಇಸ್ತ್ರಿ ಶರ್ಟು. ಮಗನ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹೂವು, ಹಣ್ಣು, ಎಲೆಅಡಿಕೆ, ನಡುವೆ ಹೊಸ ಹಿಟ್ಟಿನ ಪ್ಯಾಕೆಟ್ಟು. ಹಿಂದೆ ನಾನು.

ಬಾಗಿಲು ತೆಗೆದ ಹುಡುಗಿಯ ತಾಯಿ ತಟ್ಟೆ ನೋಡಿದರು, ಮಗನನ್ನು ನೋಡಿದರು, "ಬನ್ನಿ ಬನ್ನಿ, ಹೇಳಿ ಬರಬಾರದಾ!" ಅಂತ ಚಾಪೆ ಹಾಸಿದರು. ಕೇಸರಿಬಾತು ಬಂತು, ಕಾಫಿ ಬಂತು. ಮನೆದೇವರು ಯಾವುದು, ಸ್ವಂತ ಮನೆಯಾ ಅಂತ ಕೇಳಿದರು. ಗೌಡರು ಖುಷಿಯಾಗಿ ಎಲ್ಲಾ ಹೇಳಿದರು. ಒಳಗಿಂದ ಹುಡುಗಿ ಕಣ್ಣು ಕೆಂಪಗೆ ಮಾಡ್ಕೊಂಡು ಬಂದು ನಿಂತಳು.

ಗೌಡರು ಕೈ ಮುಗಿದರು. "ನಿನಗೆ ಬೇಜಾರಾಗಿದ್ರೆ ಕ್ಷಮಿಸಿಬಿಡಮ್ಮ. ಈಗ ಹೇಳು, ದೋಸೆ ನಿಜವಾಗ್ಲೂ ಹುಳಿ ಇತ್ತಾ?"

ಹುಡುಗಿ ಬಾಯಿ ತೆಗೆಯೋ ಮೊದಲೇ ತಾಯಿ ಅಂದರು, "ದೋಸೆ ಹುಳೀನೇ ಇತ್ತು ಬಿಡಿ. ಹುಡುಗ ಚೆನ್ನಾಗಿದಾನೆ."

ಹುಡುಗಿಗೆ ನಗು ತಡೆಯಲಾಗಲಿಲ್ಲ. ಸಂಬಂಧ ಕೂಡಿಬರಲಿಲ್ಲ, ಸುದ್ದಿ ಮಾತ್ರ ಬೀದಿಯಿಂದ ಬೀದಿಗೆ ಹೋಯ್ತು. ದೀಪಾವಳಿ ಹೊತ್ತಿಗೆ, ಇಡಲ್ಲ ಅಂದಿದ್ದ ಅಂಗಡಿಯವನೇ ಪ್ಯಾಕೆಟ್ಟನ್ನು ಫ್ರಿಜ್ಜಿನ ಮುಂದಕ್ಕೆ ತಂದಿಟ್ಟ. ಜೊತೆಗೆ ಆನ್‌ಲೈನಲ್ಲಿ ಒಂದೇ ಸ್ಟಾರಿನ ರಿವ್ಯೂಗಳೂ ಸುರಿಯೋಕೆ ಶುರುವಾದವು.

ಗಾಬರಿಯಾಗಿ ಅಂಗಡಿಯವನನ್ನು ಕೇಳಿದೆ, "ಇದೇನಣ್ಣ, ಹಿಟ್ಟು ಮತ್ತೆ ಹುಳಿ ಆಯ್ತಾ?"

"ಹಿಟ್ಟು ಬೆಣ್ಣೆ ಥರ ಇದೆ ಮೇಡಂ. ಬೈದು ಬರೆದ್ರೆ ಗಂಡಿನ ಕಡೆಯವರೇ ಮನೆಗೆ ಬರ್ತಾರಂತಲ್ಲ, ಹೆಣ್ಣು ಹೆತ್ತವರೆಲ್ಲ ಬರೀತಾವ್ರೆ!"